ಡಗ್ಗಾಗೆ ಜಾಗ ಬಿಟ್ಟ ಬೇಸ್: ‘ತಬಲಾ ಬೀಟ್ ಸೈನ್ಸ್’ ಪ್ರಕರಣ

2000ನೇ ಇಸವಿಯಲ್ಲಿ ‘ತಾಲ ಮ್ಯಾಟ್ರಿಕ್ಸ್’ ಎಂಬ ಆಲ್ಬಂ ಬಂತು. ತಂಡದ ಹೆಸರು ತಬಲಾ ಬೀಟ್ ಸೈನ್ಸ್. ಒಂದೇ ಆಲ್ಬಂನಲ್ಲಿ ನಾಲ್ವರು ತಬಲಾದವರು: ಜಾಕಿರ್ ಹುಸೇನ್, ತ್ರಿಲೋಕ್ ಗುರ್ಟು, ಲಂಡನ್ನಿನ ತಲ್ವಿನ್ ಸಿಂಗ್, ನ್ಯೂಯಾರ್ಕಿನ ಕರ್ಷ್ ಕಾಳೆ. ಸಾರಂಗಿಗೆ ಉಸ್ತಾದ್ ಸುಲ್ತಾನ್ ಖಾನ್. ಇವರ ನಡುವೆ ಬೇಸ್ ಗಿಟಾರ್ ಹಿಡಿದು, ಇಡೀ ಧ್ವನಿಮುದ್ರಣದ ಯಜಮಾನಿಕೆಯನ್ನೂ ವಹಿಸಿಕೊಂಡವರು ಅಮೆರಿಕದ ಬಿಲ್ ಲಾಸ್ವೆಲ್.

ಈ ಪಟ್ಟಿ ನೋಡಿದರೆ ಸೌಂಡ್ ಕೆಲಸ ಮಾಡುವ ಯಾರಿಗಾದರೂ ಎದೆ ಧಸಕ್ಕೆನ್ನಬೇಕು. ಹಲವು ಜೋಡಿ ತಬಲಾ, ಮೇಲೆ ಡ್ರಮ್ ಸೆಟ್ಟು, ಅಡಿಯಲ್ಲಿ ಬೇಸ್, ಸುತ್ತಲೂ ಕಂಪ್ಯೂಟರಿನಲ್ಲಿ ಹೆಣೆದ ಬೀಟುಗಳು. ಗದ್ದಲವಾಗಲು ಬೇಕಾದದ್ದೆಲ್ಲ ಇತ್ತು, ಆದರೂ ಆಗಲಿಲ್ಲ. ಇಪ್ಪತ್ತೈದು ವರ್ಷ ಕಳೆದ ಮೇಲೂ ಒಳ್ಳೆ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ತಬಲಾ ಜೋಡಿಯಲ್ಲಿ ಎಡಗೈ ನುಡಿಸುವ ಡಗ್ಗಾದ ಮೇಲೆ ಅಂಗೈ ಜಾರುವುದು ಬೇರೆಯಾಗಿ ಕೇಳುತ್ತದೆ, ಬೇಸಿನ ತಂತಿ ಬೇರೆಯಾಗಿ ಕೇಳುತ್ತದೆ.

ಫ್ಯೂಷನ್ ಕೆಟ್ಟಾಗಲೆಲ್ಲ ನಮ್ಮಲ್ಲಿ ಸಿದ್ಧವಾಗಿರುವ ಕಾರಣ ಒಂದೇ: ‘ನಮ್ಮ ತಾಳ ಅವರ ಬೀಟಿಗೆ ಕೂರುವುದಿಲ್ಲ.’ ನಾನು ಇದನ್ನು ಒಪ್ಪುವುದಿಲ್ಲ. ತೀನ್‌ತಾಲದ ಹದಿನಾರು ಮಾತ್ರೆ, ಅಂದರೆ ಹದಿನಾರು ಎಣಿಕೆ, ಅವರ ಲೆಕ್ಕದಲ್ಲಿ ನಾಲ್ಕು ಬೀಟಿನ ನಾಲ್ಕು ಬಾರ್, ಲೆಕ್ಕ ಮುಗಿಯಿತು. ಕಹರವಾದ ಎಂಟು ಇನ್ನೂ ಸಲೀಸು. ರೂಪಕದ ಏಳು, ಝಪ್‌ತಾಲದ ಹತ್ತು ತೊಡಕು ಕೊಡುತ್ತವೆ, ನಿಜ. ಆದರೆ ಇಂಥ ಹಾಡುಗಳಲ್ಲಿ ಅವು ಬರುವುದೇ ಅಪರೂಪ. ಜಗಳ ಇರುವುದು ಮಂದ್ರದಲ್ಲಿ, ಅಂದರೆ ತಗ್ಗಿನ ಶಬ್ದಗಳಲ್ಲಿ, ನೂರು ಹರ್ಟ್ಸ್ ಆಸುಪಾಸಿನ ಇಕ್ಕಟ್ಟಾದ ಜಾಗದಲ್ಲಿ. ಅಲ್ಲಿ ಡಗ್ಗಾ ಇರಬೇಕೋ ಬೇಸ್ ಇರಬೇಕೋ ಎಂದು ಯಾರೋ ಒಬ್ಬರು ತೀರ್ಮಾನಿಸಲೇಬೇಕು. ಲಾಸ್ವೆಲ್ ತೀರ್ಮಾನಿಸಿದರು. ಹಾಗೆ ತೀರ್ಮಾನಿಸುವ ಅಭ್ಯಾಸ ಅವರಿಗೆ ಬಂದದ್ದು ಡಬ್ ಎಂಬ ಜಮೈಕಾದ ಸಂಗೀತದಿಂದ.

ಹಿಂದೆ ಆದದ್ದು

ತಬಲಾ ಮತ್ತು ಫಂಕ್ (ಬೇಸ್, ಡ್ರಮ್ಮಿನ ಮೇಲೆ ನಿಂತ ಅಮೆರಿಕದ ಕುಣಿತದ ಸಂಗೀತ) ಮೊದಲ ಬಾರಿಗೆ ಗಟ್ಟಿಯಾಗಿ ಡಿಕ್ಕಿ ಹೊಡೆದದ್ದು 1972ರಲ್ಲಿ, ಜಾಝ್‌ನ ಮೈಲ್ಸ್ ಡೇವಿಸ್ ಅವರ ‘ಆನ್ ದಿ ಕಾರ್ನರ್’ ಆಲ್ಬಂನಲ್ಲಿ. ಈಗಿನ ಬಾಂಗ್ಲಾದೇಶದ ಕೊಮಿಲ್ಲಾದಲ್ಲಿ ಹುಟ್ಟಿ ನ್ಯೂಯಾರ್ಕ್ ಸೇರಿದ್ದ ಬಾದಲ್ ರಾಯ್ ಅದರಲ್ಲಿ ತಬಲಾ ನುಡಿಸಿದ್ದಾರೆ. ಬೇಸ್ ಹಿಡಿದವರು ಮೈಕಲ್ ಹೆಂಡರ್ಸನ್. ಆ ಆಲ್ಬಂ ಕೇಳಿ ನೋಡಿ. ತಬಲಾ ಇದೆ ಎಂದು ಗೊತ್ತಾಗುತ್ತದೆ, ಆದರೆ ಕೇಳುವುದು ಬಲಗೈ ಮಾತ್ರ. ‘ನಾ’, ‘ತಿನ್’ ಮೇಲೆ ಚಿಟಿಚಿಟಿ ಹಾರುತ್ತಿರುತ್ತವೆ. ಎಡಗೈಯ ಡಗ್ಗಾ ಹೆಂಡರ್ಸನ್ನರ ಬೇಸಿನಡಿ ಹೂತುಹೋಗಿದೆ. ಅಲ್ಲಿ ತಬಲಾ ಒಂದು ಬಣ್ಣ, ಅಷ್ಟೆ. ಆ ಆಲ್ಬಂನ ಗುರಿಯೂ ಅದೇ ಇತ್ತು ಎನ್ನಿ, ತಕರಾರಿಲ್ಲ.

ಇನ್ನೊಂದು ತುದಿಯಲ್ಲಿ ಶಕ್ತಿ ತಂಡ. ಜಾನ್ ಮೆಕ್‌ಲಾಫ್ಲಿನ್ ಅವರ ಗಿಟಾರು, ಎಲ್. ಶಂಕರ್ ಅವರ ಪಿಟೀಲು, ಜಾಕಿರ್ ಅವರ ತಬಲಾ, ವಿಕ್ಕು ವಿನಾಯಕರಾಮ್ ಅವರ ಘಟ. ಅಲ್ಲಿ ಡ್ರಮ್ ಸೆಟ್ ಇಲ್ಲ, ಬೇಸ್ ಗಿಟಾರೂ ಇಲ್ಲ. ಮಂದ್ರವೆಲ್ಲ ಡಗ್ಗಾ ಮತ್ತು ಘಟದ ಬಾಯಿಗೆ ಬಿಟ್ಟದ್ದು, ಹಾಗಾಗಿ ಅಲ್ಲಿ ಜಗಳವೇ ಹುಟ್ಟಲಿಲ್ಲ. ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸಹ ಇದೇ ದಾರಿ ಹಿಡಿದಿತ್ತು. ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ ‘ಜ್ಯೋತಿ’ ಆಲ್ಬಂ ಮಾಡಿದರು. ಮೃದಂಗ, ಘಟ, ಮೋರ್ಸಿಂಗ್, ಖಂಜರಿ, ಕೊನ್ನಕೋಲ್, ಮೇಲೆ ಗಾಯನ ಮತ್ತು ಸ್ಯಾಕ್ಸೋಫೋನ್. ಬೇಸ್ ಇಲ್ಲ. ಈ ಎರಡೂ ತಂಡಗಳ ಶಬ್ದ ಇವತ್ತಿಗೂ ತಿಳಿನೀರಿನಂತಿದೆ. ಆದರೆ ಬೇಸ್ ಇಲ್ಲದೆ ಫಂಕ್ ಇಲ್ಲ, ಡಬ್ ಅಂತೂ ಇಲ್ಲವೇ ಇಲ್ಲ. ಆ ಸಂಗೀತಗಳ ಜೊತೆ ಕೂರಬೇಕಾದರೆ ತಬಲಾಕ್ಕೆ ಬೇರೆ ಉಪಾಯ ಬೇಕಿತ್ತು.

1995ರಲ್ಲಿ ಲಂಡನ್ನಿನ ಹಾಕ್ಸ್ಟನ್ ಸ್ಕ್ವೇರ್‌ನ ಬ್ಲೂ ನೋಟ್ ಕ್ಲಬ್ಬಿನಲ್ಲಿ ತಲ್ವಿನ್ ಸಿಂಗ್ ‘ಅನೋಖಾ’ ಎಂಬ ಸೋಮವಾರದ ಕೂಟ ಶುರು ಮಾಡಿದರು. ಅದೇ ಕ್ಲಬ್ಬಿನಲ್ಲಿ ಭಾನುವಾರ ಗೋಲ್ಡಿಯವರ ಡ್ರಮ್ ಅಂಡ್ ಬೇಸ್ ಕೂಟ ನಡೆಯುತ್ತಿತ್ತು. ಒಂದೇ ಸ್ಪೀಕರು, ಎರಡು ರಾತ್ರಿ. ಡ್ರಮ್ ಅಂಡ್ ಬೇಸಿನಲ್ಲಿ ಮೇಲಿನ ಡ್ರಮ್ಮು ನಿಮಿಷಕ್ಕೆ 170ರ ಸುತ್ತ ಓಡಿದರೆ, ಕೆಳಗಿನ ಬೇಸ್ ಅದರ ಅರ್ಧಕ್ಕೆ ನಡೆಯುತ್ತದೆ. ಠಾಯಿಯಲ್ಲಿ, ಅಂದರೆ ನಿಧಾನದಲ್ಲಿ, ಠೇಕಾ (ತಾಳದ ಮೂಲ ನುಡಿ) ಇಟ್ಟುಕೊಂಡು ದುಗುನ್‌ನಲ್ಲಿ, ಅಂದರೆ ಇಮ್ಮಡಿ ವೇಗದಲ್ಲಿ, ರೇಲಾ (ಬಿಡುವಿಲ್ಲದ ವೇಗದ ನುಡಿ) ಬಿಡುವ ತಬಲಾದವರಿಗೆ ಇದೇನು ಹೊಸದಲ್ಲ. ತಲ್ವಿನ್ ಅವರ ‘ಓಕೆ’ ಆಲ್ಬಂಗೆ 1999ರಲ್ಲಿ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ಬಂತು. ತಬಲಾಕ್ಕೆ ಕ್ಲಬ್ಬಿನ ಬಾಗಿಲು ತೆರೆದದ್ದು ಅವರೇ. ಆದರೆ ಅವರ ಕೆಲಸದಲ್ಲಿ ತಬಲಾ ಬಹುಪಾಲು ತುಂಡು ತುಂಡಾಗಿ ಯಂತ್ರದೊಳಗೆ ಹೋಗಿ, ಅಲ್ಲಿಂದ ಹೊಸ ರೂಪದಲ್ಲಿ ಹೊರಬರುತ್ತದೆ. ಪೂರಾ ಆವರ್ತ, ಅಂದರೆ ತಾಳದ ಪೂರಾ ಸುತ್ತು, ನುಡಿಸುವ ಉಸ್ತಾದರನ್ನು ಬೇಸಿನ ಎದುರು ಕೂರಿಸುವ ಕೆಲಸ ಬಾಕಿ ಇತ್ತು.

ಮಂದ್ರದ ಇಕ್ಕಟ್ಟು

ಬೇಸ್ ಗಿಟಾರಿನ ನಾಲ್ಕು ತಂತಿ ಖಾಲಿ ಮೀಟಿದರೆ ಬರುವುದು ಸುಮಾರು 41, 55, 73, 98 ಹರ್ಟ್ಸ್. ಡಗ್ಗಾದ ‘ಗೆ’ ಎದ್ದು ನಿಲ್ಲುವುದು ನೂರರ ಆಸುಪಾಸಿನಲ್ಲಿ. ಅಲ್ಲಿಂದ ಮಣಿಕಟ್ಟು ಒತ್ತಿದಂತೆಲ್ಲ ಮೇಲಕ್ಕೆ ಜಾರುತ್ತದೆ. ಅಂದರೆ ಬೇಸಿನ ಮೇಲಿನ ಎರಡು ತಂತಿ ಮತ್ತು ಡಗ್ಗಾದ ಎದೆ ಒಂದೇ ಕುರ್ಚಿಗೆ ಬಂದವು. ಬೇಸಿನ ಸ್ವರ ಉದ್ದ, ಡಗ್ಗಾದ ಸ್ವರ ಗಿಡ್ಡ. ಎರಡೂ ಒಟ್ಟಿಗೆ ಬಂದರೆ ಕಿವಿ ಉದ್ದನೆಯದನ್ನು ಹಿಡಿದುಕೊಂಡು ಗಿಡ್ಡದ್ದನ್ನು ಬಿಟ್ಟುಬಿಡುತ್ತದೆ. ಮಿಕ್ಸರ್‌ನಲ್ಲಿ ಶಬ್ದ ಏರಿಸುವ ಗುಂಡಿ, ಡಗ್ಗಾದ ಫೇಡರ್, ಎಷ್ಟು ಎತ್ತಿದರೂ ಉಪಯೋಗವಿಲ್ಲ, ಹೌಲಿಂಗ್ ಬರುತ್ತದೆ ಅಷ್ಟೆ. ನಮ್ಮ ವೇದಿಕೆಗಳಲ್ಲಿ ಇದು ದಿನನಿತ್ಯದ ಕಥೆ. ಬೇಸ್ ಗಿಟಾರಿನವರು ಉತ್ಸಾಹದಲ್ಲಿ ಮೇಲಿನ ತಂತಿಗಳಲ್ಲಿ ಓಡಾಡುತ್ತಾರೆ, ತಬಲಾದವರು ಮಾನಿಟರ್ ಕಡೆ ಕೈ ತೋರಿಸಿ ‘ಎಡಗೈ ಕೇಳಿಸ್ತಾ ಇಲ್ಲ ಸಾರ್’ ಅನ್ನುತ್ತಾರೆ, ಮಿಕ್ಸರ್ ಹಿಂದೆ ಇರುವವನು ಫೇಡರ್ ಎತ್ತುತ್ತಾನೆ, ಹಾಲಿಗೆ ಹಾಲೇ ಗುಂಯ್‌ಗುಟ್ಟುತ್ತದೆ.

ಬಲಗೈಯದು ಬೇರೆ ತಾಪತ್ರಯ. ಮಾಮೂಲಿ ಡ್ರಮ್ಮಿಗೆ ಇಂಥದೇ ಶ್ರುತಿ ಎಂದು ಹೇಳಲಾಗದು. ತಬಲಾ ಹಾಗಲ್ಲ. ಮಧ್ಯದ ಕಪ್ಪು ಕರಣೆಯಿಂದಾಗಿ ಚರ್ಮದ ಮೇಲ್ಸ್ವರಗಳು (ಮೂಲ ಸ್ವರದ ಜೊತೆ ಏಳುವ ಮೇಲಿನ ಸ್ವರಗಳು) ತಂತಿವಾದ್ಯದಂತೆ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಇದನ್ನು ಮೊದಲು ವಿಜ್ಞಾನದ ಭಾಷೆಯಲ್ಲಿ ವಿವರಿಸಿದವರು ಸಿ.ವಿ. ರಾಮನ್. 1920ರಲ್ಲಿ ಕಲ್ಕತ್ತೆಯಿಂದ ಒಂದು ಚಿಕ್ಕ ಟಿಪ್ಪಣಿ ಬರೆದರು. 1934ರಲ್ಲಿ, ಬೆಂಗಳೂರಿಗೆ ಬಂದಾದ ಮೇಲೆ, ತಾವೇ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ವಿಸ್ತಾರವಾಗಿ ಬರೆದರು. ಕರಣೆ ಕೊಟ್ಟ ವರವೇ ಇಲ್ಲಿ ಫಜೀತಿ. ತಬಲಾವನ್ನು ಕಪ್ಪು ಒಂದಕ್ಕೆ, ಅಂದರೆ ಸುಮಾರು 277 ಹರ್ಟ್ಸ್‌ಗೆ ಶ್ರುತಿ ಮಾಡಿದ ಮೇಲೆ ಅದು ಪ್ರತಿ ‘ನಾ’ದಲ್ಲೂ ‘ಸಾ’ ಎಂದು ಹೇಳುತ್ತಲೇ ಇರುತ್ತದೆ. ಹಾಡು ನಡುವೆ ಕಾರ್ಡ್, ಅಂದರೆ ಹಿನ್ನೆಲೆಯ ಸ್ವರಗುಚ್ಛ, ಬದಲಿಸಿತೋ, ತಬಲಾ ಅಪಸ್ವರ. ಜಾಝ್ ಜೊತೆ, ಸಿನಿಮಾ ಹಾಡಿನ ಜೊತೆ ಹೆಜ್ಜೆಹೆಜ್ಜೆಗೂ ಕಾಡುವ ತೊಂದರೆ ಇದು.

ಈಗ ಡಬ್ ಏನು ಮಾಡುತ್ತದೆ ನೋಡಿ. ಇದು ಜಮೈಕಾದ ಕಿಂಗ್ಸ್ಟನ್ನಿನಲ್ಲಿ 1960ರ ದಶಕದ ಕೊನೆಗೆ ಹುಟ್ಟಿದ ಪದ್ಧತಿ. ರೆಗೆ ಹಾಡಿನ ರೆಕಾರ್ಡಿನ ಹಿಂಬದಿಗೆ ಅದೇ ಹಾಡಿನ ಇನ್ನೊಂದು ರೂಪ ಹಾಕುತ್ತಿದ್ದರು. ಕಿಂಗ್ ಟಬ್ಬಿಯಂಥವರು ಮಿಕ್ಸರ್ ಮುಂದೆ ಕೂತು ಗಾಯನ ತೆಗೆದರು, ಗಿಟಾರು ತೆಗೆದರು, ಡ್ರಮ್ಮು ಮತ್ತು ಬೇಸ್ ಮಾತ್ರ ಉಳಿಸಿದರು. ಆಗೊಮ್ಮೆ ಈಗೊಮ್ಮೆ ಗಾಯನದ ಒಂದು ತುಣುಕನ್ನು ಎಕೋಗೆ ಎಸೆದು ಮತ್ತೆ ಮುಚ್ಚಿದರು. ಅಲ್ಲಿ ಕೆಲಸವೆಂದರೆ ತೆಗೆಯುವುದು. ಬೇಸಿನ ಶಬ್ದವನ್ನೂ ಮೇಲ್ಸ್ವರ ಕತ್ತರಿಸಿ ದುಂಡಗೆ, ಮಂಕಾಗಿ ಇಡುತ್ತಾರೆ. ಕೆಳಗಿನ ತಂತಿಗಳಲ್ಲೇ ಎರಡು-ಮೂರು ಸ್ವರ, ನಡುವೆ ಬೇಕಾದಷ್ಟು ಮೌನ, ಕಾರ್ಡು ಒಂದೋ ಎರಡೋ.

ಮೇಲೆ ಹೇಳಿದ ತೊಂದರೆಗಳಿಗೆ ಮದ್ದು ಇಲ್ಲೇ ಇದೆ. ಬೇಸ್ 41 ಮತ್ತು 55ರ ತಂತಿಗಳ ಮೇಲೆ ಕೂತರೆ ನೂರರ ಜಾಗ ಡಗ್ಗಾಗೆ ತೆರವು. ಬೇಸಿನ ಮೇಲ್ಸ್ವರ ಕತ್ತರಿಸಿದ್ದರಿಂದ 82ಕ್ಕೂ 110ಕ್ಕೂ ಅದರ ನೆರಳು ಅಷ್ಟಾಗಿ ಬೀಳುವುದಿಲ್ಲ. ಕಾರ್ಡ್ ಬದಲಾಗದ್ದರಿಂದ ತಬಲಾದ ‘ಸಾ’ ಉದ್ದಕ್ಕೂ ‘ಸಾ’ ಆಗಿಯೇ ಉಳಿಯುತ್ತದೆ. ನಮ್ಮ ಸಂಗೀತ ತಂಬೂರಿಯ ಮೇಲೆ ನಿಂತದ್ದು. ಒಂದೇ ಆಧಾರಸ್ವರದ ಮೇಲೆ ಗಂಟೆಗಟ್ಟಲೆ ಕೂರುವ ಮನಸ್ಸು ಪಾಶ್ಚಾತ್ಯ ಜನಪ್ರಿಯ ಸಂಗೀತದಲ್ಲಿ ಯಾರಿಗಾದರೂ ಇದ್ದರೆ ಅದು ಫಂಕ್ ಮತ್ತು ಡಬ್ ಮಂದಿಗೆ.

ಲಾಸ್ವೆಲ್ ಈ ಎರಡೂ ಕಡೆಯವರು. ಡೆಟ್ರಾಯಿಟ್ ಸುತ್ತಮುತ್ತ ಫಂಕ್ ಬ್ಯಾಂಡುಗಳಲ್ಲಿ ಬೇಸ್ ನುಡಿಸಿ ಬೆಳೆದವರು, 1983ರಲ್ಲಿ ಹರ್ಬಿ ಹ್ಯಾನ್‌ಕಾಕ್ ಅವರ ‘ಫ್ಯೂಚರ್ ಶಾಕ್’ ಆಲ್ಬಂಗೆ ಕೆಲಸ ಮಾಡಿ ಹೆಸರಾದವರು, ಆಮೇಲೆ ಡಬ್‌ಗೆ ಮನಸ್ಸು ಕೊಟ್ಟವರು. 1998ರಲ್ಲಿ ಅವರು ಮೈಲ್ಸ್ ಡೇವಿಸ್ ಅವರ 1969ರಿಂದ 1974ರವರೆಗಿನ ಟೇಪುಗಳನ್ನು ಎತ್ತಿಕೊಂಡು ‘ಪಾಂಥಲಸ್ಸಾ’ ಎಂಬ ಹೊಸ ಮಿಕ್ಸ್ ಮಾಡಿದರು. ಅದರಲ್ಲಿ ‘ಆನ್ ದಿ ಕಾರ್ನರ್’ ಕಾಲದ ಸಂಗೀತವೂ ಇದೆ. ಬಾದಲ್ ರಾಯ್ ಅವರ ತಬಲಾ ಹೂತುಹೋದ ಜಾಗಕ್ಕೇ ಹೋಗಿ, ಪದರ ಪದರ ಬಿಡಿಸಿ ಕೂತವರು ಎರಡು ವರ್ಷದ ನಂತರ ಜಾಕಿರ್ ಅವರ ತಬಲಾಕ್ಕೆ ಮೈಕ್ ಇಟ್ಟರು. ಇದನ್ನು ಕಾಕತಾಳೀಯ ಎನ್ನಲು ನನಗೆ ಮನಸ್ಸಿಲ್ಲ. ಆಲ್ಬಂ ಹೊರತಂದ ಪಾಮ್ ಪಿಕ್ಚರ್ಸ್ ಕಂಪನಿಯ ಯಜಮಾನ ಕ್ರಿಸ್ ಬ್ಲ್ಯಾಕ್‌ವೆಲ್ ಜಮೈಕಾದಲ್ಲಿ ಬೆಳೆದವರು, ಬಾಬ್ ಮಾರ್ಲಿಯನ್ನು ಜಗತ್ತಿಗೆ ತಲುಪಿಸಿದವರು.

ಲಹರಾ ಹಿಡಿದ ಬೇಸ್

ಧಾರವಾಡದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ತಬಲಾ ಸೋಲೋ ನಡೆಯುವಾಗ ಪಕ್ಕದಲ್ಲಿ ಹಾರ್ಮೋನಿಯಂ ಅಥವಾ ಸಾರಂಗಿಯವರು ಲಹರಾ ಕೊಡುತ್ತಿರುತ್ತಾರೆ. ಹದಿನಾರು ಮಾತ್ರೆಯ ಒಂದೇ ಸಾಲು, ಮುಗಿದ ಕೂಡಲೇ ಮತ್ತೆ ಮೊದಲಿನಿಂದ, ಮುಕ್ಕಾಲು ಗಂಟೆ. ಅವರು ಅಲಂಕಾರ ಮಾಡುವ ಹಾಗಿಲ್ಲ, ಲಯ ಬಿಡುವ ಹಾಗಿಲ್ಲ. ತಬಲಾದವರು ಆಕಾಶಕ್ಕೆ ಹೋಗಿ ಬರುವವರೆಗೂ ಅವರು ನೆಲ ಕಾಯಬೇಕು. ಕಂಪ್ಯೂಟರ್ ಮಂದಿ ಲೂಪ್ ಎನ್ನುವುದು ಇದನ್ನೇ. ತಬಲಾ ಸೋಲೋಗೆ ಲೂಪ್ ಹೊಸದಲ್ಲ, ಲೂಪ್ ಇಲ್ಲದೆ ಅದು ನಡೆದೇ ಇಲ್ಲ.

ಸಾಂಪ್ರದಾಯಿಕ ಕಚೇರಿಗಳಲ್ಲಿ ಜಾಕಿರ್‌ಗೆ ಲಹರಾ ಕೊಡುತ್ತಿದ್ದವರಲ್ಲಿ ಸುಲ್ತಾನ್ ಖಾನ್ ಒಬ್ಬರು. ತಬಲಾ ಬೀಟ್ ಸೈನ್ಸ್‌ನಲ್ಲಿ ಆದ ಅದಲುಬದಲು ನನ್ನ ಪ್ರಕಾರ ಈ ಪ್ರಕರಣದ ತಿರುಳು: ಲಹರಾದ ಕೆಲಸವನ್ನು ಬೇಸ್ ವಹಿಸಿಕೊಂಡಿತು. ಎರಡು-ಮೂರು ಸ್ವರದ ಬೇಸ್ ಸಾಲು ನೆಲ ಕಾಯಲು ನಿಂತಿತು, ಸಾರಂಗಿಗೆ ಬಿಡುಗಡೆ ಸಿಕ್ಕಿತು. ಸುಲ್ತಾನ್ ಖಾನರು ಆಲಾಪ ಮಾಡಿದರು, ಹಾಡಿದರು. (ಅದೇ 2000ದಲ್ಲಿ ಅವರು ನಮ್ಮ ಕೆ.ಎಸ್. ಚಿತ್ರಾ ಜೊತೆ ಹಾಡಿದ ‘ಪಿಯಾ ಬಸಂತಿ’ ಟೀವಿಯಲ್ಲಿ ಮನೆಮನೆಗೂ ಹೋಗಿತ್ತು. ಎಷ್ಟೋ ಜನ ಸಾರಂಗಿಯನ್ನು ಕಿವಿಗೊಟ್ಟು ಕೇಳಿದ್ದೇ ಆಗ.) ತಬಲಾದವರು ಮುಂದೆ, ಸ್ವರದವರು ಹಿಂದೆ ಎಂಬ ಸೋಲೋ ಕಚೇರಿಯ ವ್ಯವಸ್ಥೆ ಹಾಗೇ ಉಳಿಯಿತು. ಇದು ತಬಲಾದವರನ್ನು ಪಕ್ಕಕ್ಕೆ ಕೂರಿಸಿ ರಾಕ್ ಬ್ಯಾಂಡ್ ಮಾಡಿದ ಫ್ಯೂಷನ್ ಅಲ್ಲ. ಸೋಲೋ ಕಚೇರಿಗೇ ಬೇರೆ ಲಹರಾ ಹಾಕಿದ್ದು.

ಇನ್ನೊಂದು ಸೂಕ್ಷ್ಮ ಠೇಕಾದೊಳಗೇ ಇದೆ. ತೀನ್‌ತಾಲವನ್ನು ಬಾಯಲ್ಲಿ ಹೇಳಿಕೊಳ್ಳಿ: ಧಾ ಧಿಂ ಧಿಂ ಧಾ, ಧಾ ಧಿಂ ಧಿಂ ಧಾ, ಧಾ ತಿಂ ತಿಂ ತಾ, ತಾ ಧಿಂ ಧಿಂ ಧಾ. ಹತ್ತರಿಂದ ಹದಿಮೂರನೇ ಮಾತ್ರೆಯವರೆಗೆ ಡಗ್ಗಾದ ಗುಂಗು ಇಲ್ಲ. ಹದಿನಾಲ್ಕಕ್ಕೆ ‘ಧಿಂ’ ಎಂದು ಮಂದ್ರ ವಾಪಸು ಬರುತ್ತದೆ, ಅದು ತಳ್ಳಿದಂತೆ ಸಮ್, ಅಂದರೆ ಆವರ್ತದ ಮೊದಲ ಮಾತ್ರೆ, ಬಂದು ಬೀಳುತ್ತದೆ. ಒಂಬತ್ತನೇ ಮಾತ್ರೆಯಿಂದ ಶುರುವಾಗುವ ಖಾಲಿಯನ್ನು ಕಿವಿ ಗುರುತಿಸುವುದು ಇದರಿಂದಲೇ. ಮಂದ್ರವನ್ನು ಒಂದಷ್ಟು ಹೊತ್ತು ಎಳೆದುಕೊಂಡು, ಮತ್ತೆ ಕೊಟ್ಟು, ಆವರ್ತ ಎಲ್ಲಿದೆ ಎಂದು ಕಿವಿಗೆ ತಿಳಿಸುವ ಜಾಣ್ಮೆ. ಡಬ್‌ನಲ್ಲಿ ಬೇಸ್ ತೆಗೆದು, ಒಂದೆರಡು ಬಾರ್ ಬಿಟ್ಟು, ಮತ್ತೆ ತರುವುದೂ ಇದೇ ತಂತ್ರ. ಎರಡು ಸಂಪ್ರದಾಯಗಳು ದೂರದೂರದಲ್ಲಿ ಇದ್ದು ಒಂದೇ ಕಡೆ ಬಂದಿವೆ.

ಹಾಗಾಗಿ ಖಾಲಿಯ ಮೇಲೆಲ್ಲ ಬಿಡದೆ ಗುಂಯ್ ಎನ್ನುವ ಬೇಸ್ ಇದ್ದರೆ ಖಾಲಿ ಸತ್ತಂತೆ. ಠೇಕಾ ನಡೆಯುತ್ತಿರುತ್ತದೆ, ತಾಲ ಕೇಳುವುದಿಲ್ಲ. ಇಂಥ ಯಾವುದೇ ಹಾಡು ಕೇಳುವಾಗ ನಾನು ಮೊದಲು ಗಮನಿಸುವುದು ಹತ್ತನೇ ಮಾತ್ರೆಯಲ್ಲಿ ಬೇಸ್ ಏನು ಮಾಡುತ್ತಿದೆ ಎಂಬುದನ್ನು.

ಎಕೋ, ಒನ್, ಸಮ್

ಡಬ್‌ನ ಇನ್ನೊಂದು ಆಯುಧ ಡಿಲೇ. ತಬಲಾದ ಒಂದು ‘ನಾ’ ಹೊಡೆದರೆ ಅದು ಮಸುಕಾಗುತ್ತ ಮತ್ತೆ ಮತ್ತೆ ಬರುತ್ತದೆ. ನಿಮಿಷಕ್ಕೆ 90 ಬೀಟ್ ವೇಗ ಇದೆ ಎಂದುಕೊಳ್ಳಿ. ಒಂದು ಬೀಟಿಗೆ ಸುಮಾರು 667 ಮಿಲಿಸೆಕೆಂಡ್. ಡಿಲೇಯನ್ನು 500ಕ್ಕೆ ಇಟ್ಟರೆ ಪ್ರತಿಧ್ವನಿ ಮುಕ್ಕಾಲು ಬೀಟಿಗೊಮ್ಮೆ ಬರುತ್ತದೆ. ಬೀಟಿಗೆ ನಾಲ್ಕು ಅಕ್ಷರದ ಚತುರಶ್ರ ನಡೆಯಲ್ಲಿ ಅದು ಪ್ರತಿ ಮೂರು ಅಕ್ಷರಕ್ಕೊಮ್ಮೆ ಬಿದ್ದಂತೆ. ತಕಿಟ, ತಕಿಟ, ತಕಿಟ, ತಕಿಟ, ನಾಲ್ಕನೆಯದು ಸರಿಯಾಗಿ ಬೀಟಿನ ಮೇಲೆ. ಒಂದೇ ಪೆಟ್ಟು ಹೊಡೆದು ಸುಮ್ಮನಿದ್ದರೂ ಯಂತ್ರ ಮೂರಕ್ಕೆ ನಾಲ್ಕರ ಲೆಕ್ಕ ಹಾಕಿ ಕೊಡುತ್ತದೆ. ಲಯ ಗೊತ್ತಿರುವ ತಬಲಾದವರು ಈ ಪ್ರತಿಧ್ವನಿಯ ಸಂದುಗಳಲ್ಲಿ ತಮ್ಮ ಬೋಲು (ತಬಲಾದ ನುಡಿ) ತುಂಬಿ ಆಟವಾಡಬಲ್ಲರು. ಗೊತ್ತಿಲ್ಲದವರು ಅದರ ಮೇಲೆಯೇ ನುಡಿಸಿ ರಾಡಿ ಎಬ್ಬಿಸುತ್ತಾರೆ.

ಒಂದೇ ತುಣುಕನ್ನು ಮೂರು ಸಲ ನುಡಿಸುವ ತಿಹಾಯಿಗೂ ಇದಕ್ಕೂ ಹೊರನೋಟಕ್ಕೆ ಹೋಲಿಕೆ ಇದೆ, ಎರಡೂ ಹೇಳಿದ್ದನ್ನೇ ಹೇಳುತ್ತವೆ. ಆದರೆ ತಿಹಾಯಿ ಮೂರನೇ ಸಲಕ್ಕೆ ಸಮ್ ಮೇಲೆ ಬಂದು ಕೂತು ಚಪ್ಪಾಳೆ ತೆಗೆದುಕೊಳ್ಳುತ್ತದೆ. ಎಕೋಗೆ ಊರು ತಲುಪುವ ಹಂಬಲವಿಲ್ಲ, ಸವೆದು ಮಾಯವಾಗುತ್ತದೆ. ಎರಡನ್ನೂ ಒಟ್ಟಿಗೆ ಬಿಟ್ಟರೆ ತಿಹಾಯಿ ಸಮ್‌ಗೆ ಬಿದ್ದ ಮೇಲೂ ಅದರ ಬಾಲ ಅಲ್ಲಾಡುತ್ತಲೇ ಇರುತ್ತದೆ, ಚೂಪು ಮೊಂಡಾಗುತ್ತದೆ. ತಿಹಾಯಿ ಬರುವ ಹೊತ್ತಿಗೆ ಡಿಲೇ ಮುಚ್ಚಬೇಕು. ಮಿಕ್ಸರ್ ಮುಂದೆ ಕೂತವನಿಗೆ ತಾಲ ಗೊತ್ತಿರಲೇಬೇಕು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಫಂಕ್‌ನಲ್ಲಿ ‘ಒನ್’ ಎನ್ನುವುದೇ ದೇವರು. 1960ರ ದಶಕದ ನಡುವಿನಿಂದ ಜೇಮ್ಸ್ ಬ್ರೌನ್ ತಮ್ಮ ತಂಡವನ್ನು ಬಾರಿನ ಮೊದಲ ಬೀಟಿನ ಮೇಲೆ ಒಟ್ಟಾಗಿ ಬೀಳುವಂತೆ ಪಳಗಿಸಿದರು, ನಡುವೆ ಯಾರು ಏನಾದರೂ ಮಾಡಿಕೊಳ್ಳಲಿ. ಇದು ನಮ್ಮ ಸಮ್‌ನ ತಮ್ಮ. ವ್ಯತ್ಯಾಸ ಇಷ್ಟೆ: ಅವರ ಒನ್ ನಾಲ್ಕು ಬೀಟಿಗೊಮ್ಮೆ ಬರುತ್ತದೆ, ನಮ್ಮ ಸಮ್‌ಗೆ ಹದಿನಾರರವರೆಗೆ ಕಾಯಬೇಕು. ಬೇಸ್ ಪ್ರತಿ ನಾಲ್ಕಕ್ಕೂ ಧಡ್ ಎಂದರೆ ಕೇಳುಗನಿಗೆ ಆವರ್ತಕ್ಕೆ ನಾಲ್ಕು ಸಮ್ ಸಿಕ್ಕಂತಾಗಿ, ನಿಜವಾದ ಸಮ್ ಬಂದಾಗ ಏನೂ ಅನ್ನಿಸುವುದಿಲ್ಲ. ಬೇಸ್ ಸಾಲನ್ನೇ ಹದಿನಾರು ಮಾತ್ರೆಗೆ ಹಿಗ್ಗಿಸಿ, ಮೊದಲ ಬಾರಿನ ಒನ್ ಮಾತ್ರ ಗಟ್ಟಿ ಮಾಡಿದರೆ ಎರಡೂ ಕಡೆಯವರಿಗೆ ಸಮಾಧಾನ.

ವೇದಿಕೆಯ ಮೇಲೆ

ಸ್ಟುಡಿಯೊದಲ್ಲಿ ಎಲ್ಲವನ್ನೂ ತಿದ್ದಬಹುದು. ಪರೀಕ್ಷೆ ವೇದಿಕೆಯಲ್ಲಿ. 2002ರಲ್ಲಿ ತಂಡದ ಸ್ಯಾನ್ ಫ್ರಾನ್ಸಿಸ್ಕೊ ಕಾರ್ಯಕ್ರಮದ ಧ್ವನಿಮುದ್ರಣ ಹೊರಬಂತು. ಸ್ಥಳ ಸ್ಟರ್ನ್ ಗ್ರೋವ್, ಎತ್ತರದ ಮರಗಳ ನಡುವಿನ ಹಳ್ಳದಂಥ ಬಯಲು ರಂಗಮಂದಿರ, 1938ರಿಂದ ಬೇಸಿಗೆಯಲ್ಲಿ ಪುಕ್ಕಟೆ ಕಚೇರಿಗಳು ನಡೆಯುವ ಜಾಗ. ಜಾಕಿರ್‌ಗೆ ಅದು ಮನೆಯಂಗಳವಿದ್ದ ಹಾಗೆ. ಅವರು ದಶಕಗಳಿಂದ ಆ ಕಡೆಯೇ ನೆಲೆಸಿದ್ದರು, 2024ರ ಡಿಸೆಂಬರ್‌ನಲ್ಲಿ ತೀರಿಕೊಂಡದ್ದೂ ಅದೇ ಊರಿನಲ್ಲಿ. ಇಥಿಯೋಪಿಯಾದ ಗಾಯಕಿ ಗಿಗಿ, ರೆಕಾರ್ಡ್ ತಿರುಗಿಸುವ ಡಿಜೆ ಡಿಸ್ಕ್ ಸಹ ಅಲ್ಲಿ ಜೊತೆಗಿದ್ದರು.

ಬಯಲಿನಿಂದ ದೊಡ್ಡ ಲಾಭವಾಯಿತು. ಮುಚ್ಚಿದ ಹಾಲಿನಲ್ಲಿ ಮಂದ್ರ ಗೋಡೆಗೆ ಬಡಿದು ಹಿಂದಿರುಗಿ ರಾಶಿ ಬೀಳುತ್ತದೆ. ಬಯಲಿನಲ್ಲಿ ಹೋದದ್ದು ಹೋಯಿತು. ಬೇಸೂ ಡಗ್ಗಾನೂ ತಂತಮ್ಮ ಜಾಗದಲ್ಲಿ ನಿಂತವು. ಇನ್ನೊಂದು ಲಾಭ ಕರ್ಷ್ ಕಾಳೆ. ಇಂಗ್ಲೆಂಡಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬೆಳೆದ ಇವರು ಡ್ರಮ್ ಸೆಟ್ ಮತ್ತು ತಬಲಾ ಎರಡನ್ನೂ ನುಡಿಸುತ್ತಾರೆ, ಯಂತ್ರದ ಬೀಟುಗಳನ್ನು ಕೈಯಲ್ಲೇ ನುಡಿಸಬಲ್ಲರು. ಹಾಗಾಗಿ ಜಾಕಿರ್ ಎದುರು ಕೂತದ್ದು ಕಿವಿಯಿಲ್ಲದ ಯಂತ್ರದ ಕ್ಲಿಕ್ ಅಲ್ಲ, ತಿಹಾಯಿ ಎಲ್ಲಿ ಬೀಳುತ್ತದೆಂದು ಗೊತ್ತಿರುವ ಡ್ರಮ್ಮರ್. ಜಾಕಿರ್ ಕೊಂಚ ಎಳೆದರೆ ಅವರೂ ಎಳೆಯುತ್ತಾರೆ. ಇಂಥ ತಂಡ ಕಟ್ಟುವವರು ಮೊದಲು ಹುಡುಕಬೇಕಾದದ್ದು ಹೆಸರುವಾಸಿ ತಬಲಾದವರನ್ನಲ್ಲ, ಠೇಕಾ ಗೊತ್ತಿರುವ ಡ್ರಮ್ಮರನ್ನು.

ತ್ರಿಲೋಕ್ ಗುರ್ಟು ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಾಲ್ವರಲ್ಲಿ ನಮ್ಮ ನೆಲದ ನೆಂಟಸ್ತಿಕೆ ಇರುವುದು ಅವರಿಗೆ. ಅವರ ತಾಯಿ, ಠುಮ್ರಿಯ ಶೋಭಾ ಗುರ್ಟು, ಬೆಳಗಾವಿಯಲ್ಲಿ ಹುಟ್ಟಿದವರು. ತ್ರಿಲೋಕ್ ನೆಲದ ಮಟ್ಟದಲ್ಲೇ ಕೂತು ತಬಲಾ ಮತ್ತು ಡ್ರಮ್ಮುಗಳನ್ನು ಒಟ್ಟಿಗೆ ಜೋಡಿಸಿಕೊಳ್ಳುತ್ತಾರೆ, ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಂಡು ಬಾರಿಸಿದ ತಾಳದ ತಟ್ಟೆಯನ್ನು ಅದರಲ್ಲಿ ಅದ್ದುತ್ತಾರೆ, ಸ್ವರ ಬಾಗಿ ಕೆಳಗಿಳಿಯುತ್ತದೆ. ಡಗ್ಗಾದ ಘಸೀಟನ್ನು, ಅಂಗೈ ಜಾರಿಸಿ ಸ್ವರ ಬಾಗಿಸುವುದನ್ನು, ಲೋಹಕ್ಕೆ ಕಲಿಸಿದಂತೆ. ಯಾವ ಕಂಪ್ಯೂಟರೂ ಇಲ್ಲದೆ ಎಲೆಕ್ಟ್ರಾನಿಕ್ ಎನ್ನಿಸುವ ಶಬ್ದ ಅದು.

ಕಳೆದುಕೊಂಡದ್ದು

ಲೆಕ್ಕದ ಇನ್ನೊಂದು ಬದಿಯೂ ಇದೆ. ಸೋಲೋ ಕಚೇರಿ ಪೇಷ್ಕಾರದಿಂದ ಶುರುವಾಗುತ್ತದೆ. ನಿಧಾನ ಲಯ, ಬೋಲುಗಳನ್ನು ಒಂದೊಂದಾಗಿ ಪರಿಚಯಿಸುವುದು. ಅಲ್ಲಿಂದ ಕಾಯದಾ (ಒಂದು ವಸ್ತುವನ್ನು ಬಗೆಬಗೆಯಾಗಿ ಬೆಳೆಸುವುದು), ರೇಲಾ, ಕೊನೆಗೆ ಚಕ್ರದಾರ್ (ತಿಹಾಯಿಯಿರುವ ತುಣುಕನ್ನೇ ಮೂರು ಸಲ ನುಡಿಸುವುದು). ಇದರುದ್ದಕ್ಕೂ ಲಯ ಗೊತ್ತಾಗದಂತೆ ಏರುತ್ತ ಹೋಗುತ್ತದೆ. ಫಂಕ್ ಮತ್ತು ಡಬ್‌ಗೆ ಲಯ ಏರುವುದು ದೋಷ. ಏರಿದರೆ ಡಿಲೇ ಕೂಡ ಹಳಿ ತಪ್ಪುತ್ತದೆ. ಮೇಲಿನ ಲೆಕ್ಕದಲ್ಲೇ 90 ಇದ್ದದ್ದು 92 ಆದರೆ ಸಾಕು, ಬೀಟಿನ ಮೇಲೆ ಬೀಳಬೇಕಿದ್ದ ನಾಲ್ಕನೇ ಪ್ರತಿಧ್ವನಿ ನಲವತ್ತಕ್ಕೂ ಹೆಚ್ಚು ಮಿಲಿಸೆಕೆಂಡ್ ಹಿಂದೆ ಬೀಳುತ್ತದೆ. ಹಾಗಾಗಿ ಪೇಷ್ಕಾರ ಮತ್ತು ಏರುವ ಲಯ, ಎರಡನ್ನೂ ಈ ಆಟದಿಂದ ಹೊರಗಿಡಬೇಕಾಗುತ್ತದೆ. ಉಳಿಯುವುದು ರೇಲಾ, ಲಗ್ಗಿ (ಚುರುಕಾದ ಹಗುರ ನುಡಿ), ತಿಹಾಯಿ. ಅಂದರೆ ಕಚೇರಿಯ ಕೊನೆಯ ಹದಿನೈದು ನಿಮಿಷ. ಚಪ್ಪಾಳೆ ಬರುವ ಭಾಗ ಅದೇ, ನಿಜ. ಆದರೆ ಮೊದಲ ಅರ್ಧ ಗಂಟೆ ಕೂತವನಿಗೆ ಆ ಚಪ್ಪಾಳೆಗೆ ಬೇರೆ ರುಚಿ. ‘ತಾಲ ಮ್ಯಾಟ್ರಿಕ್ಸ್’ ಕೇಳುವಾಗ ಈ ಕೊರತೆ ನನಗೆ ಒಮ್ಮೆಯೂ ಕಾಡದೆ ಬಿಟ್ಟಿಲ್ಲ.

ತಂಡ ಇನ್ನೊಂದು ಸ್ಟುಡಿಯೊ ಆಲ್ಬಂ ಮಾಡಲಿಲ್ಲ. ಕಾಳೆ 2001ರಲ್ಲಿ ‘ರಿಯಲೈಜ್’ ಎಂಬ ಸ್ವಂತ ಆಲ್ಬಂ ತಂದರು. ಸುಲ್ತಾನ್ ಖಾನ್ 2011ರಲ್ಲಿ ಹೋದರು. ಜಾಕಿರ್ ಮತ್ತೆ ಶಕ್ತಿಯ ಕಡೆ ತಿರುಗಿದರು, ಅದರ ‘ದಿಸ್ ಮೊಮೆಂಟ್’ ಆಲ್ಬಂಗೆ 2024ರಲ್ಲಿ ಗ್ರ್ಯಾಮಿ ಬಂತು.

ಈ ಪಾಠವನ್ನು ಮೃದಂಗಕ್ಕೆ ಹಾಗೇ ಎತ್ತಿಹಾಕಬಹುದೇ ಎಂದು ಬೆಂಗಳೂರಿನ ಹುಡುಗರು ಕೇಳುತ್ತಿರುತ್ತಾರೆ. ಪೂರ್ತಿಯಾಗಿ ಅಲ್ಲ. ಮೃದಂಗದ ತೊಪ್ಪಿಗೆ, ಅಂದರೆ ಎಡ ಮುಖಕ್ಕೆ, ರವೆ ಮೆತ್ತಿದ ಮೇಲೆ ಅದರ ‘ತೊಂ’ ದಪ್ಪವಾಗಿ ಕೂರುತ್ತದೆ. ಗುಮುಕಿ (ಎಡಗೈಯಿಂದ ಸ್ವರ ಬಾಗಿಸುವುದು) ಇದ್ದರೂ ಡಗ್ಗಾದಷ್ಟು ದೂರ ಜಾರುವುದಿಲ್ಲ. ಹೀಗಾಗಿ ಬೇಸ್ ಅದರ ಪಕ್ಕದಲ್ಲಿ ಸ್ವಲ್ಪ ಹತ್ತಿರವೇ ಕೂರಬಹುದು. ತೊಂದರೆ ಬೇರೆ ಕಡೆ ಇದೆ. ಎರಡು ಮುಖವೂ ಒಂದೇ ಮರದ ಹೊಟ್ಟೆಗೆ ಬಿಗಿದದ್ದು, ಬಲಂತಲೆಯ, ಅಂದರೆ ಬಲ ಮುಖದ, ಮೈಕಿನಲ್ಲಿ ತೊಪ್ಪಿಯೂ ಕೇಳುತ್ತದೆ. ತಬಲಾದಲ್ಲಿ ಬಲಗೈಗೆ ಮಾತ್ರ ಡಿಲೇ ಹಾಕಿ ಎಡಗೈಯನ್ನು ಒಣದಾಗಿ ಬಿಡಬಹುದು. ಮೃದಂಗದಲ್ಲಿ ಬಲಂತಲೆಗೆ ಡಿಲೇ ಹಾಕಿದರೆ ತೊಪ್ಪಿಯೂ ಅದರ ಹಿಂದೆಯೇ ಹೋಗಿ ಮಂದ್ರವನ್ನು ಕಲಕುತ್ತದೆ. ಡಿಲೇಗೆ ಹೋಗುವ ದಾರಿಯಲ್ಲೇ 250 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿಬಿಟ್ಟರೆ ಮುಕ್ಕಾಲು ಪಾಲು ಸರಿಹೋಗುತ್ತದೆ. ಉಳಿದ ಕಾಲು ಪಾಲಿಗೆ ನುಡಿಸುವವರನ್ನೇ ಕೇಳಿಕೊಳ್ಳಬೇಕು: ಡಿಲೇ ಇರುವ ಕಡೆ ತೊಪ್ಪಿ ಕಡಿಮೆ ಮಾಡಿ ಸಾರ್, ಡಿಲೇ ಮುಚ್ಚಿದ ಮೇಲೆ ಮೋರಾಕ್ಕೆ (ಮೂರು ಸಲ ನುಡಿಸುವ ಮುಕ್ತಾಯಕ್ಕೆ) ಪೂರಾ ಬಿಡಿ.